ಓರ್ಟಿಜ್ ಅವರನ್ನು ಬಿಟ್ಟವರು ದಡ್ಡರಾ?

ನವೆಂಬರ್ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಮೈದಾನಗಳು ಖಾಲಿ. ಅಭಿಮಾನಿಗಳ ಬಾಯಿಗೆ ಮಾತ್ರ ಬಿಡುವಿಲ್ಲ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಕೊಡಬೇಕು? ಫೆಬ್ರವರಿವರೆಗೂ ಇದೇ ಮಾತು. ಆಟಗಾರರ ಬೆಲೆ ಅಂದಾಜು ಮಾಡುವುದೇ ನನ್ನ ಕೆಲಸ. ಹಾಗಾಗಿ ಯಾರ ಮನೆಗೆ ಊಟಕ್ಕೆ ಹೋದರೂ ಒಂದು ಪ್ರಶ್ನೆ ಕಾದಿರುತ್ತದೆ. ಬಾಸ್ಟನ್ ಕಡೆಯವರು ಸಿಕ್ಕರಂತೂ ಕೇಳುವುದು ಇದನ್ನೇ: "ಮಿನ್ನೆಸೋಟಾದವರು ಡೇವಿಡ್ ಓರ್ಟಿಜ್‌ನ ಸುಮ್ನೆ ಬಿಟ್ಟುಬಿಟ್ರಲ್ಲ, ಅಷ್ಟು ದಡ್ಡರಾ?"

2002ರ ಡಿಸೆಂಬರ್ 16ರಂದು ಮಿನ್ನೆಸೋಟಾ ಟ್ವಿನ್ಸ್ ತಂಡ ಓರ್ಟಿಜ್ ಅವರನ್ನು ಕೈಬಿಟ್ಟಿತು. ಬದಲಿಗೆ ಒಬ್ಬ ಆಟಗಾರನೂ ಬರಲಿಲ್ಲ, ಒಂದು ಡಾಲರೂ ಬರಲಿಲ್ಲ. ಐದು ವಾರದ ಮೇಲೆ ಬಾಸ್ಟನ್ ರೆಡ್ ಸಾಕ್ಸ್ 12.5 ಲಕ್ಷ ಡಾಲರ್‌ಗೆ ಅವರನ್ನು ಸೇರಿಸಿಕೊಂಡಿತು. ಆಮೇಲೆ ಬಾಸ್ಟನ್ 2004, 2007, 2013ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್ ಸರಣಿ, ಗೆದ್ದಿತು. ಓರ್ಟಿಜ್ ಒಟ್ಟು 541 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು, 2022ರಲ್ಲಿ ಆಟದ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸೇರಿದರು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ ಅಲ್ವಾ ಅಂತ ಎಲ್ಲರೂ ನಗುತ್ತಾರೆ. ನನಗೆ ಆ ನಗುವಿನಲ್ಲಿ ಸೇರಲು ಆಗುವುದಿಲ್ಲ.

ನಮ್ಮ ಕೆಲಸದಲ್ಲಿ ಮೊದಲು ಕೇಳುವುದು "ಇವನು ಎಷ್ಟು ಚೆನ್ನಾಗಿ ಆಡುತ್ತಾನೆ" ಅಂತಲ್ಲ. "ಇವನಿಲ್ಲದಿದ್ದರೆ ಆ ಜಾಗದಲ್ಲಿ ಯಾರು ಆಡುತ್ತಾರೆ" ಅಂತ. ಕನಿಷ್ಠ ಸಂಬಳಕ್ಕೆ, ಕರೆದ ಕೂಡಲೇ ಬರುವ ಒಬ್ಬ ಸಾಧಾರಣ ಆಟಗಾರನನ್ನು ನೆನೆಸಿಕೊಳ್ಳಿ. ಅಂಥವರನ್ನೇ ತುಂಬಿಸಿದ ತಂಡ 162 ಪಂದ್ಯಗಳಲ್ಲಿ ಸುಮಾರು 48 ಗೆಲ್ಲುತ್ತದೆ ಎಂಬುದು ನಾವು ಇಟ್ಟುಕೊಂಡ ಲೆಕ್ಕ. ಆ ಬದಲಿ ಆಟಗಾರನಿಗಿಂತ ಒಬ್ಬ ಎಷ್ಟು ಗೆಲುವು ಜಾಸ್ತಿ ತಂದ ಅನ್ನುವುದೇ 'ವಾರ್' ಎಂಬ ಅಂಕಿ. ಹತ್ತು ರನ್ ಅಂದರೆ ಹೆಚ್ಚುಕಡಿಮೆ ಒಂದು ಗೆಲುವು. ರನ್ ಹೊಡೆದರೂ ಸರಿ, ಎದುರಾಳಿಯ ರನ್ ತಡೆದರೂ ಸರಿ.

ಹಳಬರು ನೋಡುವುದು ಆರ್‌ಬಿಐ. ರಿಸರ್ವ್ ಬ್ಯಾಂಕ್ ಅಲ್ಲ. ಬ್ಯಾಟರ್ ಹೊಡೆದಾಗ ಎಷ್ಟು ಜನ ಓಡಿ ರನ್ ಮುಗಿಸಿದರು ಎಂಬ ಎಣಿಕೆ. ಅದರಲ್ಲಿ ಒಂದು ತೊಂದರೆ ಇದೆ. ಹೋಮ್ ರನ್ ಬಿಟ್ಟರೆ, ತನಗಿಂತ ಮೊದಲು ಬಂದವರು ಬೇಸ್ ಮೇಲೆ ನಿಂತಿದ್ದರೆ ಮಾತ್ರ ಅದು ಏರುತ್ತದೆ. 2012ರಲ್ಲಿ ಈ ಜಗಳ ತಾರಕಕ್ಕೇರಿತ್ತು. ಡೆಟ್ರಾಯಿಟ್‌ನ ಮಿಗೆಲ್ ಕಬ್ರೆರಾ ಬ್ಯಾಟಿಂಗ್ ಸರಾಸರಿ, ಹೋಮ್ ರನ್, ಆರ್‌ಬಿಐ ಮೂರರಲ್ಲೂ ಅಮೆರಿಕನ್ ಲೀಗ್‌ನಲ್ಲಿ (ಇರುವ ಎರಡು ಲೀಗ್‌ಗಳಲ್ಲಿ ಒಂದು, ಇನ್ನೊಂದು ನ್ಯಾಷನಲ್ ಲೀಗ್) ಮೊದಲಿಗರು. 1967ರಿಂದ ಯಾರಿಗೂ ಆಗದಿದ್ದ ಸಾಧನೆ. ಏಂಜಲ್ಸ್‌ನ ಮೈಕ್ ಟ್ರೌಟ್ ಹೊಸ ಹುಡುಗ. 49 ಬೇಸ್ ಕದ್ದರು, ಅಂದರೆ ಯಾರೂ ಹೊಡೆಯದಿದ್ದರೂ ಓಡಿ ಮುಂದಿನ ಬೇಸ್ ಹಿಡಿದರು, ಸೆಂಟರ್ ಫೀಲ್ಡ್‌ನಲ್ಲಿ ಹಾರಿ ಹಾರಿ ಚೆಂಡು ಹಿಡಿದರು. ವಾರ್ ಲೆಕ್ಕದಲ್ಲಿ ಟ್ರೌಟ್ ಸುಮಾರು 10, ಕಬ್ರೆರಾ ಸುಮಾರು 7. ವರ್ಷದ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿಯಲ್ಲಿ 28 ಮೊದಲ ಸ್ಥಾನದ ಮತಗಳ ಪೈಕಿ 22 ಕಬ್ರೆರಾಗೆ ಹೋದವು. ನನ್ನ ಮತ ಟ್ರೌಟ್‌ಗೇ ಇತ್ತು. ಕೇಳಿದವರು ಯಾರೂ ಇಲ್ಲ, ಆ ಮಾತು ಬೇರೆ.

ಪ್ರಶಸ್ತಿ ಕೊಡುವುದು ಕಳೆದ ವರ್ಷದ ಆಟಕ್ಕೆ. ಸಂಬಳ ಕೊಡುವುದು ಮುಂದಿನ ವರ್ಷಗಳ ಆಟಕ್ಕೆ. ಅಭಿಮಾನಿಗಳು ಇವೆರಡನ್ನು ಕಲಸಿಬಿಡುತ್ತಾರೆ. ಒಮ್ಮೊಮ್ಮೆ ಮಾಲೀಕರೂ ಅಷ್ಟೇ. 2014ರಲ್ಲಿ ಡೆಟ್ರಾಯಿಟ್ ಕಬ್ರೆರಾಗೆ ಎಂಟು ವರ್ಷಕ್ಕೆ 24.8 ಕೋಟಿ ಡಾಲರ್ ಬರೆದುಕೊಟ್ಟಿತು. ಹಳೆಯ ಒಪ್ಪಂದದಲ್ಲಿ ಇನ್ನೂ ಎರಡು ವರ್ಷ ಬಾಕಿ ಇತ್ತು. ಹೊಸದು ಶುರುವಾಗುವ ಹೊತ್ತಿಗೆ ಅವರಿಗೆ 33. 2016ರಲ್ಲಿ 38 ಹೋಮ್ ರನ್ ಬಂದವು. ಅಲ್ಲಿಂದ 2023ರಲ್ಲಿ ಆಟ ಬಿಡುವವರೆಗೆ ಯಾವ ವರ್ಷವೂ 16 ದಾಟಲಿಲ್ಲ.

ಓರ್ಟಿಜ್ ಕಥೆ ಅರ್ಥವಾಗಬೇಕಾದರೆ ಸಂಬಳದ ನಿಯಮ ಸ್ವಲ್ಪ ತಿಳಿದಿರಬೇಕು. ಐಪಿಎಲ್ ನೋಡುವವರಿಗೆ ರಿಟೆನ್ಷನ್ ಗೊತ್ತು. ಇಲ್ಲಿ ಹರಾಜಿಲ್ಲ, ಎಲ್ಲ ತಂಡಕ್ಕೂ ಒಂದೇ ಪರ್ಸ್ ಎಂಬುದೂ ಇಲ್ಲ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಆಟಗಾರನಿಗೆ ಕನಿಷ್ಠ ಸಂಬಳದ ಆಸುಪಾಸು. ಆಮೇಲೆ ಮೂರು ವರ್ಷ ಆರ್ಬಿಟ್ರೇಷನ್. ಒಪ್ಪಂದಕ್ಕೆ ಬರದಿದ್ದರೆ ಮಧ್ಯಸ್ಥರು ಸಂಬಳ ಹೇಳುತ್ತಾರೆ, ಅದು ವರ್ಷ ವರ್ಷ ಏರುತ್ತದೆ. ಆರು ವರ್ಷ ಆದಮೇಲೆ ಅವನು ಸ್ವತಂತ್ರ. ಇದರ ಜೊತೆಗೆ ತಂಡದ ಪಟ್ಟಿಯಲ್ಲಿ 40 ಹೆಸರಷ್ಟೇ ಇರಬಹುದು. ಹೊಸಬ ಒಬ್ಬ ಬಂದರೆ ಹಳಬ ಒಬ್ಬ ಹೋಗಬೇಕು.

ಈಗ ಟ್ವಿನ್ಸ್‌ನವರ ಮೇಜಿನ ಮುಂದೆ ಕೂರೋಣ. ಓರ್ಟಿಜ್‌ಗೆ ಆಗ 27. 2002ರಲ್ಲಿ 125 ಪಂದ್ಯ, 20 ಹೋಮ್ ರನ್. ಕೆಟ್ಟದ್ದಲ್ಲ, ಕಣ್ಣು ಕುಕ್ಕುವಂಥದ್ದೂ ಅಲ್ಲ. ಹಿಂದಿನ ವರ್ಷ ಮಣಿಕಟ್ಟು ಮುರಿದಿತ್ತು, ಆ ವರ್ಷ ಮೊಣಕಾಲಿನ ತೊಂದರೆ. ಆರ್ಬಿಟ್ರೇಷನ್‌ನಿಂದ ಸಂಬಳ ಏರುವುದಿತ್ತು. ಅವರು ಆಡಬಹುದಾದದ್ದು ಫಸ್ಟ್ ಬೇಸ್, ಇಲ್ಲವೇ ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟ್ ಮಾಡುವ ಡಿಎಚ್ ಜಾಗ. ಫಸ್ಟ್ ಬೇಸ್‌ನಲ್ಲಿ ಡಗ್ ಮಿಯೆಂಟ್‌ಕೇವಿಚ್ ಇದ್ದರು, ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು 2001ರಲ್ಲಿ ಗೆದ್ದವರು. ಡಿಎಚ್‌ಗೆ ಅಗ್ಗದ ಹುಡುಗರಿದ್ದರು. ಬೇರೆ ತಂಡಗಳಿಗೆ ಮಾರಲು ನೋಡಿದರು, ಗಿರಾಕಿ ಸಿಗಲಿಲ್ಲ. ಕೊನೆಗೆ ಹೊಸೆ ಮೋರ್ಬಾನ್ ಎಂಬ ಶಾರ್ಟ್‌ಸ್ಟಾಪ್ ಹುಡುಗನಿಗೆ ಪಟ್ಟಿಯಲ್ಲಿ ಜಾಗ ಮಾಡಲು ಓರ್ಟಿಜ್ ಹೆಸರು ತೆಗೆದರು. ಮೋರ್ಬಾನ್ ಟ್ವಿನ್ಸ್‌ಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಅದು ಮಾತ್ರ ನಿಜಕ್ಕೂ ಎಡವಟ್ಟು.

ಈ 'ಜಾಗ' ಅನ್ನೋದು ನನಗೂ ಪೆಟ್ಟು ತಿಂದೇ ಗೊತ್ತಾಗಿದ್ದು. ಕೆಲಸಕ್ಕೆ ಸೇರಿದ ಹೊಸತು. ಕಡಿಮೆ ಬೆಲೆಗೆ ಸಿಗುವ ಬ್ಯಾಟರ್‌ಗಳ ಪಟ್ಟಿ ಮಾಡಿ, ಮೇಲಿನ ಐದು ಹೆಸರಿಗೆ ಹಳದಿ ಬಣ್ಣ ಬಳಿದು ಮೇಲಧಿಕಾರಿಗೆ ಕೊಟ್ಟೆ. ಅವರು ಒಂದು ಸಲ ನೋಡಿ, "ಐದೂ ಜನ ಫಸ್ಟ್ ಬೇಸ್‌ನವರೇ. ಒಬ್ಬರ ತೊಡೆ ಮೇಲೆ ಒಬ್ಬರು ಕೂತು ಆಡ್ತಾರಾ?" ಎಂದರು. ಈಗಲೂ ಹಳದಿ ಬಣ್ಣ ಕಂಡರೆ ನಾಚಿಕೆಯಾಗುತ್ತದೆ.

ಬಾಸ್ಟನ್‌ನವರು ಜಾಣರು ಅನ್ನುವುದಾದರೆ ಅವರನ್ನೂ ಇದೇ ಕಣ್ಣಲ್ಲಿ ನೋಡಬೇಕು. ಅದೇ ಚಳಿಗಾಲದಲ್ಲಿ ಅವರು ಕೆವಿನ್ ಮಿಲಾರ್, ಜೆರೆಮಿ ಜಿಯಾಂಬಿ ಎಂಬ ಇನ್ನಿಬ್ಬರನ್ನೂ ಹೆಚ್ಚುಕಡಿಮೆ ಅದೇ ಕೆಲಸಕ್ಕೆ ತಂದಿದ್ದರು. ಅಂದರೆ ಅಗ್ಗದ ಬೀಜ ಮೂರ್ನಾಲ್ಕು ಬಿತ್ತಿ, ಯಾವುದು ಮೊಳೆಯುತ್ತೆ ನೋಡೋಣ ಅಂತ. ಓರ್ಟಿಜ್‌ಗೂ ಮೊದಮೊದಲು ಬೆಂಚೇ ಗತಿ. 2003ರ ಮೇ ಕೊನೆಯಲ್ಲಿ ತಂಡದ ಇನ್ನೊಬ್ಬ ಬ್ಯಾಟರ್ ಶೇ ಹಿಲೆನ್‌ಬ್ರಾಂಡ್ ಬೇರೆ ತಂಡಕ್ಕೆ ಹೋದ ಮೇಲೆ ಜಾಗ ಸಿಕ್ಕಿತು. ವರ್ಷದ ಕೊನೆಗೆ 31 ಹೋಮ್ ರನ್. ಮಿನ್ನೆಸೋಟಾದಲ್ಲಿ ಜೋರಾಗಿ ಬೀಸಲು ಬಿಡುತ್ತಿರಲಿಲ್ಲ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮನುಷ್ಯ ಅದೇ, ಬ್ಯಾಟ್ ಬೀಸುವ ರೀತಿ ಬೇರೆ. ಇಂಥ ಬದಲಾವಣೆ ಡಿಸೆಂಬರ್‌ನ ಯಾವ ಲೆಕ್ಕದಲ್ಲೂ ಇರಲಿಲ್ಲ. ಇದ್ದಿದ್ದರೆ ಐದು ವಾರ ಉಳಿದ ತಂಡಗಳೆಲ್ಲ ಸುಮ್ಮನೆ ಕೂರುತ್ತಿದ್ದವೇ?

ಇನ್ನೊಂದು ಸಂಗತಿ ಊಟದ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ಓರ್ಟಿಜ್ ಇಲ್ಲದೆಯೂ ಟ್ವಿನ್ಸ್ 2003ರಲ್ಲಿ, 2004ರಲ್ಲಿ ತಮ್ಮ ಡಿವಿಷನ್ ಗೆದ್ದರು. 2004ರ ಜುಲೈ 31ರಂದು ರೆಡ್ ಸಾಕ್ಸ್ ಫೀಲ್ಡಿಂಗ್ ಗಟ್ಟಿ ಮಾಡಲೆಂದು ಟ್ವಿನ್ಸ್‌ನಿಂದ ಒಬ್ಬರನ್ನು ಕರೆತಂದಿತು. ಅವರೇ ಮಿಯೆಂಟ್‌ಕೇವಿಚ್. ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯ. ನ್ಯಾಷನಲ್ ಲೀಗ್ ಮೈದಾನವಾದ್ದರಿಂದ ಅಲ್ಲಿ ಆಗ ಡಿಎಚ್ ಇರಲಿಲ್ಲ. ಫಸ್ಟ್ ಬೇಸ್‌ನಲ್ಲಿ ಆಟ ಶುರು ಮಾಡಿದ್ದು ಓರ್ಟಿಜ್. ಬಾಸ್ಟನ್ ಮುಂದಿತ್ತು. ಕೊನೆಕೊನೆಗೆ ಓರ್ಟಿಜ್ ಅವರನ್ನು ಕೂರಿಸಿ, ಅದೇ ಜಾಗಕ್ಕೆ ಮಿಯೆಂಟ್‌ಕೇವಿಚ್ ಅವರನ್ನು ಕಳಿಸಿದರು. ಬಾಸ್ಟನ್ 86 ವರ್ಷ ಕಾದಿದ್ದ ಆ ಕೊನೆಯ ಚೆಂಡನ್ನು ಹಿಡಿದದ್ದು ಅವರೇ.