ರಟ್ಟಿನ ಮನೆ ಎರಡೇ ದಿನಕ್ಕೆ ಬಾಗಿತು, ಯಾವ ಅಂಟು ಒಳ್ಳೆಯದು?

ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: ಮಗಳ ಜೊತೆ ಕೂತು ಖೋಕಾ (ಸಾಮಾನು ಬರುವ ಪೆಟ್ಟಿಗೆ) ರಟ್ಟಿನಿಂದ ಒಂದು ಮನೆ, ಹಳೇ ಪೇಪರಿನಿಂದ ಒಂದು ಬಟ್ಟಲು ಮಾಡಿದೆವು. ಮನೆಯ ಗೋಡೆ ಎರಡೇ ದಿನಕ್ಕೆ ಬಾಗಿತು. ಬಟ್ಟಲಿಗೆ ಬೂಷ್ಟು ಬಂತು. ಗಟ್ಟಿಯಾದ ಅಂಟು ಯಾವುದು ಹೇಳುತ್ತೀರಾ?

ಅಂಟು ಬದಲಿಸಬೇಡಿ, ದುಡ್ಡು ದಂಡ. ಮುಂಬಯಿಯ ಮಳೆಗಾಲದಲ್ಲಿ ಹಪ್ಪಳವೇ ಡಬ್ಬಿಯೊಳಗೆ ಮೆತ್ತಗಾಗುತ್ತದೆ, ಇನ್ನು ರಟ್ಟಿನ ಪಾಡು ಕೇಳಬೇಕೇ? ಈ ಪ್ರಶ್ನೆ ಹೆಚ್ಚಾಗಿ ಬರುವುದೂ ಗಣಪತಿ ಹಬ್ಬದ ಹೊತ್ತಿಗೇ. 2018ರಲ್ಲಿ ಮಹಾರಾಷ್ಟ್ರದಲ್ಲಿ ಥರ್ಮಾಕೋಲ್ ನಿಷೇಧವಾದ ಮೇಲೆ ಮನೆಮನೆಯ ಮಖರಕ್ಕೂ, ಅಂದರೆ ಗಣಪತಿ ಕೂರಿಸುವ ಮಂಟಪಕ್ಕೂ, ರಟ್ಟು ಬಂತು. ಹಾಗಾಗಿ ಗಣಪತಿಯ ಬೆನ್ನ ಹಿಂದೆ ಕಮಾನು ಬಾಗಿ ನಿಂತ ಕತೆ ನಿಮ್ಮೊಬ್ಬರದೇ ಅಲ್ಲ.

ಗೋಡೆ ಯಾಕೆ ಬಾಗಿತು ಅಂತ ತಿಳಿಯಲು, ರದ್ದಿಯಿಂದ ಒಂದು ಪೇಪರ್ ಹಾಳೆ ತೆಗೆಯಿರಿ. ಮೇಲಿನಿಂದ ಕೆಳಕ್ಕೆ ಹರಿಯಿರಿ. ಸಾಮಾನ್ಯವಾಗಿ ಗೆರೆ ಎಳೆದ ಹಾಗೆ ನೇರ ಹೋಗುತ್ತದೆ. ಈಗ ಅಡ್ಡಕ್ಕೆ ಹರಿಯಿರಿ. ಎಷ್ಟು ಜೋಪಾನ ಮಾಡಿದರೂ ಸೊಟ್ಟ, ಅಲ್ವಾ? ಕಾಗದದ ಗಿರಣಿಯಲ್ಲಿ ನೀರಿನಲ್ಲಿ ಕಲಸಿದ ನಾರು ಓಡುವ ಜಾಲರಿಯ ಮೇಲೆ ಬೀಳುತ್ತದೆ. ಆ ಓಟದ ದಿಕ್ಕಿಗೇ ಹೆಚ್ಚಿನ ಎಳೆಗಳು ಮಲಗುತ್ತವೆ. ಬಾವಿ ಹಗ್ಗ ನೆನೆದರೆ ದಪ್ಪ ಆಗುತ್ತದೆ, ಉದ್ದ ಆಗುವುದಿಲ್ಲ. ಕಾಗದದ ಎಳೆಯದೂ ಹಾಗೇ. ಅದಕ್ಕೇ ಒದ್ದೆಯಾದ ಹಾಳೆ ಎಳೆಗೆ ಅಡ್ಡವಾಗಿ ಜಾಸ್ತಿ ಹಿಗ್ಗುತ್ತದೆ.

ನಿಮ್ಮ ಗೋಡೆ ಬಾಗಿದ್ದು ಹೀಗೆ. ಬಣ್ಣದ ಕಾಗದಕ್ಕೆ ಅಂಟು ಬಳಿದಿರಿ, ಅದು ನೆನೆದು ಹಿಗ್ಗಿತು. ಹಿಗ್ಗಿದ್ದನ್ನೇ ರಟ್ಟಿಗೆ ಅಂಟಿಸಿದಿರಿ. ಒಣಗುವಾಗ ಅದು ಕುಗ್ಗಿ, ರಟ್ಟನ್ನೂ ತನ್ನ ಕಡೆಗೆ ಎಳೆದುಕೊಂಡಿತು. ಅಂಟು ಗಟ್ಟಿ ಇದ್ದಷ್ಟೂ ಎಳೆತ ಬಿಡುವುದಿಲ್ಲ! ಪುಸ್ತಕ ಬೈಂಡ್ ಮಾಡುವವರನ್ನು ನೋಡಿ, ರಟ್ಟಿನ ಎರಡೂ ಕಡೆ ಕಾಗದ ಅಂಟಿಸಿ ಭಾರ ಹೇರುತ್ತಾರೆ. ನೀವೂ ಹಿಂಬದಿಗೆ ಒಂದು ಹಾಳೆ ಅಂಟಿಸಿ. ಎಳೆ ಮಾತ್ರ ಮುಂಬದಿಯ ಹಾಳೆಯ ದಿಕ್ಕಿಗೇ ಇರಲಿ. ಅಂಟು ತೆಳ್ಳಗೆ ಬಳಿದು, ಒಂದು ರಾತ್ರಿ ದಪ್ಪ ಪುಸ್ತಕಗಳ ಕೆಳಗೆ ಇಡಿ.

ಖೋಕಾ ರಟ್ಟಿಗೆ ಇನ್ನೊಂದು ದಿಕ್ಕು ಇದೆ. ಅಂಚನ್ನು ಕಣ್ಣ ಹತ್ತಿರ ಹಿಡಿಯಿರಿ. ಎರಡು ಹಾಳೆಗಳ ನಡುವೆ ಅಲೆ ಅಲೆಯಾಗಿ ಮಡಿಸಿದ ಮೂರನೆಯದು ಕಾಣುತ್ತದೆ. ಅಂಗಡಿಯವರು ಮೂರು ಪ್ಲೈ ಅನ್ನುವುದು ಇದಕ್ಕೇ. ಆನ್‌ಲೈನ್ ಸಾಮಾನು ಬಂದ ಪೆಟ್ಟಿಗೆಯಲ್ಲಿ ಈ ಅಲೆಗಳು ಸಾಮಾನ್ಯವಾಗಿ ಕಂಬದ ಹಾಗೆ ನಿಂತಿರುತ್ತವೆ. ಒಂದರ ಮೇಲೊಂದು ಪೆಟ್ಟಿಗೆ ಹೇರಿದರೂ ಕುಸಿಯದಿರುವುದು ಅದರಿಂದ. ಮಗಳ ಮನೆಯ ಗೋಡೆಯಲ್ಲೂ ಅಲೆ ನಿಂತಿರಲಿ. ಅಡ್ಡ ಮಲಗಿಸಿದರೆ ಗೋಡೆ ಸೊಂಟ ಮುರಿದುಕೊಳ್ಳುತ್ತದೆ. ಕಮಾನು ಬೇಕೋ, ಆಗ ಬಗ್ಗಿಸುವ ಕಡೆಗೆ ಅಲೆ ಅಡ್ಡ ಇರಲಿ, ಚಾಪೆಯ ಹಾಗೆ ಸುರುಳಿಯಾಗುತ್ತದೆ.

ಮಡಿಸುವ ಮೊದಲು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲಿಟ್ಟು ಒತ್ತಿ ಗೆರೆ ಎಳೆಯಿರಿ. ಇಷ್ಟು ಮಾಡಿದರೆ ಮಡಿಕೆ ಬಿರಿಯುವುದಿಲ್ಲ. ಗೋಡೆ ಕೂಡುವಲ್ಲಿ ಎರಡೂ ತುಂಡಿಗೆ ಅರ್ಧದವರೆಗೆ ಸೀಳು ಹಾಕಿ ಒಂದರೊಳಗೊಂದು ಸಿಕ್ಕಿಸಿದರೆ ಅಂಟೇ ಬೇಡ. ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಅಯುಕಾದಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಕಸದಿಂದ ಆಟಿಕೆ ಮಾಡಿ ತೋರಿಸಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ಮಾಡಿಸುವ ಪೇಪರ್ ಟೋಪಿಗಳನ್ನು ನೋಡಿ, ಬರೀ ಮಡಿಕೆ. ಖೋಕಾ ರಟ್ಟು ಕತ್ತರಿಸುವ ಕೆಲಸ ಮಾತ್ರ ದೊಡ್ಡವರದು. ಮೊದಲು ಪಿನ್ನು ಕಿತ್ತುಬಿಡಿ.

ಇನ್ನು ಬಟ್ಟಲು. ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು ಹಾಕಿ, ಗಂಟಿಲ್ಲದಂತೆ ಕದಡಿ, ಗಂಜಿ ಸ್ವಲ್ಪ ಪಾರದರ್ಶಕ ಆಗುವ ತನಕ ಕಾಯಿಸಿ. ಪೇಪರಿನ ಚೂರುಗಳನ್ನು ಕತ್ತರಿಸದೆ ಹರಿಯಿರಿ. ಹರಿದ ಅಂಚು ಒಂದಕ್ಕೊಂದು ಬೆರೆಯುತ್ತದೆ. ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಬೂಷ್ಟು ಬರುವುದು ಅವಸರಕ್ಕೆ. ಬೇಸಿಗೆಯಲ್ಲಾದರೆ ಹೇಗೋ ನಡೆಯುತ್ತದೆ, ಜುಲೈಯಲ್ಲಿ ದಿನಕ್ಕೆ ಎರಡು ಪದರಕ್ಕಿಂತ ಜಾಸ್ತಿ ಬೇಡ. ಫ್ಯಾನಿನ ಕೆಳಗಿಡಿ, ಮಧ್ಯೆ ಮಗುಚಿ. ಮುಟ್ಟಿದರೆ ತಣ್ಣಗೆ ಅನಿಸಿತೋ, ಒಳಗೆ ಇನ್ನೂ ಹಸಿ.

ನಾನೊಮ್ಮೆ ಮಗನ ಹುಲಿ ಮುಖವಾಡವನ್ನು ಹಾಗೇ ಅರೆಹಸಿ ಕಪಾಟಿನಲ್ಲಿಟ್ಟೆ. ತಿಂಗಳು ಬಿಟ್ಟು ತೆಗೆದರೆ ಹುಲಿಗೆ ಮೀಸೆ ಇರಲಿಲ್ಲ, ಒಂದು ಕಿವಿಯೂ ಇರಲಿಲ್ಲ. ಗಂಜಿಯ ಪಿಷ್ಟ ಜಿರಳೆಗೆ ಹಬ್ಬದೂಟ. ಹಿಂದೆ ಬೈಂಡಿಂಗ್‌ನವರು ಗಂಜಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೆಲಸಕ್ಕೆ ಬೇಡವೇ ಬೇಡ. ಬಹಳ ದಿನ ಇಡುವ ವಸ್ತುವಾದರೆ ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಬಳಸಿ.

ರದ್ದಿಯಲ್ಲಿ ಆರಿಸುವಾಗ ಎರಡು ಮಾತು. ಟೂತ್‌ಪೇಸ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಒಳಗು ಹೊರಗು ಮಾಡಿ. ನುಣುಪು ಬದಿಗೆ ಬಣ್ಣ ಹಿಡಿಯುವುದಿಲ್ಲ, ಬೂದು ಬದಿಗೆ ಚೆನ್ನಾಗಿ ಹಿಡಿಯುತ್ತದೆ. ಅಂಗಡಿಯ ನುಣ್ಣನೆ ಬಿಲ್ಲುಗಳ ಮೇಲೆ ರಾಸಾಯನಿಕದ ಲೇಪ ಇರುತ್ತದೆ, ಅವನ್ನು ಆಚೆಗಿಡಿ. ಮದುವೆಯ ಕರೆಯೋಲೆ ಸಿಕ್ಕಿದರೆ ಮಾತ್ರ ರದ್ದಿಯವನಿಗೆ ಕೊಡಲೇಬೇಡಿ. ದೀಪಾವಳಿಯ ಕಂದೀಲಿಗೆ ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಪಟ್ಟಿಗಳನ್ನು ಎಳೆಯ ಉದ್ದಕ್ಕೇ ಕತ್ತರಿಸಿದರೆ ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ, ಅಡ್ಡ ಕತ್ತರಿಸಿದರೆ ಜೋತುಬೀಳುತ್ತವೆ. ಒಳಗೆ ಹಳೇ ಕಾಲದ ಬಲ್ಬು ಬೇಡ, ಅದು ಕಾಯುತ್ತದೆ. ಸಣ್ಣ ಎಲ್‌ಇಡಿ ಸಾಕು.