ಅರ್ಧಕ್ಕೆ ನಿಂತ ಇನ್‌ಸ್ಟಾಲ್

ಆಟಿ ತಿಂಗಳ ಒಂದು ಸಂಜೆ, ಉಡುಪಿಯ ಕುಂಜಿಬೆಟ್ಟಿನಲ್ಲಿರುವ ಚಿಕ್ಕಪ್ಪನ ಮನೆಯ ಹಳೆಯ ಕಂಪ್ಯೂಟರಿಗೆ ಕನ್ನಡ ಟೈಪಿಂಗಿನ ತಂತ್ರಾಂಶವನ್ನು ಹಾಕುತ್ತಿದ್ದಾಗ ಗಾಳಿಮಳೆಗೆ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಅದರಲ್ಲಿದ್ದ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಎಂದಿನಂತೆಯೇ ತೆರೆದುಕೊಂಡಿತಾದರೂ ಹೊಸ ತಂತ್ರಾಂಶ ಯಾವುದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ತಂತ್ರಾಂಶಗಳನ್ನು ಜೋಡಿಸುವ ಡಿಪಿಕೆಜಿ ಎಂಬ ಪ್ರೋಗ್ರಾಮಿನ ಕೆಲಸ ನಡುವೆ ನಿಂತಿದೆ, ಮೊದಲು ಅದನ್ನು ಸರಿಪಡಿಸಿ ಎಂಬ ಸಾಲೇ ಮತ್ತೆ ಮತ್ತೆ ಕಾಣಿಸಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿಬಿಡೋಣವೇ ಎಂದು ಚಿಕ್ಕಪ್ಪ ಕೇಳಿದರು. ಅದರ ಅಗತ್ಯ ಬೀಳುವುದು ಬಹಳ ಅಪರೂಪ, ಏಕೆಂದರೆ ಯಾವ ಕೆಲಸ ಮುಗಿದಿದೆ, ಯಾವುದು ಬಾಕಿಯಿದೆ ಎಂಬ ಲೆಕ್ಕವನ್ನು ಕಂಪ್ಯೂಟರ್ ತಾನೇ ಬರೆದಿಟ್ಟಿರುತ್ತದೆ.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ಯೋಜನೆಯಿಂದಲೇ ಉಬುಂಟು ಹುಟ್ಟಿದೆ. ಅಲ್ಲಿ ಪ್ರತಿಯೊಂದು ತಂತ್ರಾಂಶವೂ ಒಂದು ಪ್ಯಾಕೇಜಾಗಿ ಬರುತ್ತದೆ, ಮತ್ತು ತನಗೆ ಬೇರೆ ಯಾವ ಪ್ಯಾಕೇಜುಗಳು ಬೇಕೆಂಬುದನ್ನು ಅದೇ ಹೇಳುತ್ತದೆ. ಚಿಕ್ಕಪ್ಪನಿಗೆ ಬೇಕಾಗಿದ್ದದ್ದು, ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಅದು ಎಂ17ಎನ್ ಎಂಬ ದತ್ತಾಂಶ ಪ್ಯಾಕೇಜಿನಲ್ಲಿದೆ. ಆ ದತ್ತಾಂಶವನ್ನು ಓದಲು ಒಂದು ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು, ಬೇಕು, ಲೈಬ್ರರಿಯನ್ನು ನಮ್ಮ ಟೈಪಿಂಗಿಗೆ ಜೋಡಿಸಲು ಐಬಸ್ ಬೇಕು. ಈ ಸರಪಳಿಯನ್ನು ಲೆಕ್ಕಹಾಕಿ ಬೇಕಾದುದನ್ನೆಲ್ಲ ತರಿಸುವವನು ಆಪ್ಟ್. ತಂದ ಪೊಟ್ಟಣವನ್ನು ಬಿಚ್ಚಿ ಜೋಡಿಸುವವನು ಡಿಪಿಕೆಜಿ.

ಡಿಪಿಕೆಜಿಯ ಕೆಲಸ ಎರಡು ಹಂತದ್ದು. ಮೊದಲು ಕಡತಗಳನ್ನು ಬಿಚ್ಚಿ ಅವುಗಳ ಜಾಗದಲ್ಲಿ ಇಡುತ್ತದೆ, ಅನಂತರ ಅವನ್ನು ಬಳಕೆಗೆ ಸಿದ್ಧಪಡಿಸುವ ಸಣ್ಣ ಸ್ಕ್ರಿಪ್ಟನ್ನು ಓಡಿಸುತ್ತದೆ. ಹೊಸ ಕಡತವನ್ನು ಹಳೆಯದರ ಮೇಲೆಯೇ ಬರೆಯದೆ, ಪಕ್ಕದಲ್ಲಿ ಬೇರೆ ಹೆಸರಿನಿಂದ ಪೂರ್ತಿಯಾಗಿ ಬರೆದು ಆಮೇಲೆ ಹೆಸರು ಬದಲಿಸುವ ಎಚ್ಚರಿಕೆ ನನಗೆ ಬಹಳ ಮೆಚ್ಚುಗೆಯಾದದ್ದು, ಏಕೆಂದರೆ ನಡುವೆ ಕರೆಂಟು ಹೋದರೂ ಅರ್ಧ ಬರೆದ ಕಡತ ಹಳೆಯದರ ಜಾಗಕ್ಕೆ ಬಂದು ಕೂರುವ ಸಂಭವ ಕಡಿಮೆ. ಪ್ರತಿ ಪ್ಯಾಕೇಜಿನ ಸ್ಥಿತಿಯೂ ಸ್ಟೇಟಸ್ ಎಂಬ ಕಡತದಲ್ಲಿ ದಾಖಲಾಗುತ್ತದೆ: ಬಿಚ್ಚಿದ್ದು, ಅರ್ಧ ಸಿದ್ಧವಾದದ್ದು, ಪೂರ್ತಿಯಾದದ್ದು. ಬಾಕಿ ಉಳಿದವನ್ನೆಲ್ಲ ಸಿದ್ಧಪಡಿಸು ಎಂದು ಡಿಪಿಕೆಜಿಗೆ ಕೊಡುವ ಕಾನ್ಫಿಗರ್ ಆದೇಶ ಈ ದಾಖಲೆಯನ್ನು ಓದಿಯೇ ಕೆಲಸವನ್ನು ನಿಂತಲ್ಲಿಂದ ಮುಂದುವರಿಸುತ್ತದೆ. ಸರಪಳಿಯಲ್ಲಿ ಯಾವುದಾದರೂ ಪ್ಯಾಕೇಜು ಬಂದೇ ಇಲ್ಲದಿದ್ದರೆ, ಅದನ್ನು ತರಿಸಿ ಸರಿಪಡಿಸಲು ಆಪ್ಟ್‌ನ ಫಿಕ್ಸ್-ಬ್ರೋಕನ್ ಆಯ್ಕೆಯಿದೆ.

ಬೀಗದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಒಂದೇ ಹೊತ್ತಿಗೆ ಇಬ್ಬರು ಆ ದಾಖಲೆಯನ್ನು ತಿದ್ದಬಾರದೆಂದು ಡಿಪಿಕೆಜಿ ಲಾಕ್ ಎಂಬ ಕಡತಕ್ಕೆ ಬೀಗ ಹಾಕುತ್ತದೆ. ದೋಷ ಕಂಡ ತಕ್ಷಣ ಆ ಕಡತವನ್ನೇ ಅಳಿಸಿ ಎಂದು ಸಲಹೆ ಕೊಡುವವರು ಬಹಳ. ನಿಜವಾದ ಬೀಗ ಇರುವುದು ಕಡತದಲ್ಲಲ್ಲ, ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಬಳಿ. ಬೀಗ ಹಾಕಿದ ಪ್ರೋಗ್ರಾಂ ನಿಂತ ಕ್ಷಣವೇ ಕರ್ನೆಲ್ ಅದನ್ನು ತೆರೆಯುತ್ತದೆ, ಕಡತ ಮಾತ್ರ ಅಲ್ಲೇ ಉಳಿಯುತ್ತದೆ. ಆದ್ದರಿಂದ ಬೀಗ ಹಾಕಿದೆ ಎಂಬ ಸಂದೇಶ ಬಂದರೆ ಯಾವುದೋ ಪ್ರೋಗ್ರಾಂ, ಹೆಚ್ಚಾಗಿ ಹಿನ್ನೆಲೆಯಲ್ಲಿ ನಡೆಯುವ ಸ್ವಯಂಚಾಲಿತ ಅಪ್‌ಡೇಟ್, ಈಗಲೂ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆಗ ಕಡತ ಅಳಿಸಿದರೆ ಎರಡು ಕೈಗಳು ಒಂದೇ ಲೆಕ್ಕವನ್ನು ಬರೆಯತೊಡಗುತ್ತವೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತು ಕಾಯುವುದು ಸಾಕು.

ನಿಜಕ್ಕೂ ಕಠಿಣವಾದದ್ದು ಬೇರೆ ಬೇರೆ ಮೂಲಗಳ ಪ್ಯಾಕೇಜುಗಳನ್ನು ಬೆರೆಸಿದಾಗ ಬರುವ ತೊಡಕು. ಒಂದು ಪ್ಯಾಕೇಜು ಒಂದು ಲೈಬ್ರರಿಯ ಹೊಸ ಆವೃತ್ತಿಯನ್ನು ಕೇಳುತ್ತದೆ, ಇನ್ನೊಂದು ಹಳೆಯದನ್ನೇ ಹಿಡಿದುಕೊಳ್ಳುತ್ತದೆ. ಎಲ್ಲರ ಬೇಡಿಕೆಯೂ ಒಟ್ಟಿಗೆ ಈಡೇರುವ ಜೋಡಣೆ ಇದೆಯೇ ಎಂದು ಹುಡುಕುವ ಈ ಲೆಕ್ಕ ಎನ್‌ಪಿ-ಕಂಪ್ಲೀಟ್ ವರ್ಗಕ್ಕೆ ಸೇರಿದ್ದೆಂದು ಗಣಕ ವಿಜ್ಞಾನಿಗಳು ಸಾಧಿಸಿ ತೋರಿಸಿದ್ದಾರೆ. ಅಂದರೆ ಅದರ ಎಲ್ಲ ಉದಾಹರಣೆಗಳನ್ನೂ ಬೇಗ ಬಿಡಿಸುವ ವಿಧಾನ ಇದುವರೆಗೆ ಸಿಕ್ಕಿಲ್ಲ. 2023ರ ಡೆಬಿಯನ್ 12ರಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಹೀಗಿದ್ದೂ ಆಪ್ಟ್ ಕೆಲವೇ ಕ್ಷಣಗಳಲ್ಲಿ ಉತ್ತರ ಕೊಡುತ್ತದೆಂದರೆ, ಒಂದೇ ಬಿಡುಗಡೆಯ ಪ್ಯಾಕೇಜುಗಳು ಒಂದಕ್ಕೊಂದು ಹೊಂದುವಂತೆ ಮೊದಲೇ ಪರೀಕ್ಷಿಸಿ ಸಿದ್ಧಪಡಿಸುವವರ ಶ್ರಮ ಅದರ ಹಿಂದಿದೆ. ಹೊರಗಿನ ಮೂಲವನ್ನು ಸೇರಿಸಿದಾಗ ಆ ಹೊಂದಾಣಿಕೆಯ ಭರವಸೆ ಉಳಿಯುವುದಿಲ್ಲ. ತೊಡಕು ಬಂದರೆ ಕೊನೆಗೆ ಸೇರಿಸಿದ ಮೂಲವನ್ನೇ ಮೊದಲು ತೆಗೆದು ನೋಡಬೇಕು.

ಕಾನ್ಫಿಗರ್ ಆದೇಶದಿಂದ ಚಿಕ್ಕಪ್ಪನ ಕಂಪ್ಯೂಟರಿನ ಬಾಕಿ ಕೆಲಸ ಮುಗಿಯಿತು, ಆದರೆ ಪ್ಯಾಕೇಜು ಪಟ್ಟಿಯನ್ನು ನವೀಕರಿಸಲು ಹೋದಾಗ ಆ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ ಎಂಬ ವಿಚಿತ್ರ ಆಕ್ಷೇಪ ಬಂದಿತು. ದಾರಿಯಲ್ಲಿ ಯಾರೂ ಪಟ್ಟಿಯನ್ನು ತಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳಲು ಆಪ್ಟ್ ಅದರ ಡಿಜಿಟಲ್ ಸಹಿಯ ಜೊತೆಗೆ ದಿನಾಂಕವನ್ನೂ ಪರಿಶೀಲಿಸುತ್ತದೆ. ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರಿಂದ ಕರೆಂಟು ಹೋದಾಗ ಗಡಿಯಾರವೂ ಹಿಂದಕ್ಕೆ ಹೋಗಿತ್ತು. ಇಂಟರ್ನೆಟ್ಟಿನಿಂದ ಸಮಯ ಹೊಂದಿಸಿಕೊಳ್ಳುವ ಆಯ್ಕೆಯನ್ನು ಯಾರೋ ಎಂದೋ ಆಫ್ ಮಾಡಿದ್ದರು. ದಿನಾಂಕ ತಿದ್ದಿದೆವು, ಪಟ್ಟಿ ಬಂದಿತು. ಮರುದಿನ ಪೇಟೆಯಿಂದ ಒಂದು ಸಿಆರ್2032 ಬ್ಯಾಟರಿ ತಂದು ಹಾಕಿದ ಮೇಲೆ, ಚಿಕ್ಕಪ್ಪ ಅದೇ ಕಂಪ್ಯೂಟರಿನಲ್ಲಿ ಊರಿನ ಯುವಕ ಮಂಡಲಕ್ಕೆ ಕನ್ನಡದಲ್ಲಿ ಒಂದು ಪತ್ರ ಟೈಪು ಮಾಡಿದರು.