ಎಲೆಯ ಹಿಂಬದಿಯ ಲೆಕ್ಕ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಆಟಿ ತಿಂಗಳಲ್ಲಿ ಎಲೆಗಳ ಮೇಲ್ಮೈ ಒಣಗುವುದೇ ಅಪರೂಪ. ಕಾರ್ಬನ್ ಡೈಆಕ್ಸೈಡ್ ನೀರಿನೊಳಗೆ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಮೇಲೆ ನೀರು ನಿಂತರೆ ಎಲೆಗೆ ಉಸಿರು ಕಟ್ಟಬೇಕು, ಅಲ್ವಾ? ಕಟ್ಟುವುದಿಲ್ಲ. ಹೆಚ್ಚಿನ ಮರಗಳ ಪತ್ರರಂಧ್ರಗಳು, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳು, ಇರುವುದು ಹಿಂಬದಿಯಲ್ಲಿ. ಬೇಸಿಗೆಯಲ್ಲಿ ನೀರು ಆರಿಹೋಗುವುದೂ ಇದರಿಂದ ಕಡಿಮೆ.

ನೋಡುವುದು ಸುಲಭ. ಮಾವಿನ ಎಲೆಯ ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿಯಿರಿ. ಒಣಗಿದ ಮೇಲೆ ಸೆಲೋಟೇಪ್ ಒತ್ತಿ ಎಬ್ಬಿಸಿ, ಶಾಲೆಯ ಮೈಕ್ರೋಸ್ಕೋಪಿನಡಿ ಇಡಿ. ಎರಡು ಗೇರುಬೀಜ ಎದುರುಬದುರಾಗಿ ಇಟ್ಟ ಹಾಗೆ ಜೋಡಿ ಕೋಶಗಳು ಕಾಣುತ್ತವೆ, ಇವೇ ಕಾವಲು ಕೋಶಗಳು. ನಡುವಿನ ಸೀಳೇ ರಂಧ್ರ. ಎರಡು ರಂಧ್ರಗಳು ಒಂದಕ್ಕೊಂದು ತಾಗಿಕೊಂಡಿರುವುದು ತೀರಾ ಅಪರೂಪ. ನಡುವೆ ಕಡೇಪಕ್ಷ ಒಂದಾದರೂ ಸಾದಾ ಕೋಶ ಇರುತ್ತದೆ. ಕಾವಲು ಕೋಶಗಳು ಉಬ್ಬಿ ಬಾಗಿಲು ತೆರೆಯಲು ಪಕ್ಕದಲ್ಲಿ ಜಾಗ ಬೇಕಲ್ಲ.

ಗದ್ದೆಯ ಭತ್ತದ ಎಲೆಯಲ್ಲಿ ಇವು ಎರಡೂ ಬದಿಗೆ, ನೆಟ್ಟ ಸಾಲಿನ ಹಾಗೆ ನೆಟ್ಟಗೆ. ಕೆರೆಯ ನೈದಿಲೆಯಲ್ಲಿ ಮೇಲೆ ಮಾತ್ರ, ಕೆಳಗೆ ನೀರಿದೆ.

ನನಗೆ ಇದಕ್ಕಿಂತ ಸೋಜಿಗ ಅನ್ನಿಸುವುದು ಒಂದೇ ಮರದೊಳಗಿನ ವ್ಯತ್ಯಾಸ. ಬಿಸಿಲು ಬೀಳುವ ತುದಿಕೊಂಬೆಯ ಎಲೆಯಲ್ಲಿ ಒಂದು ಚದರ ಮಿಲಿಮೀಟರಿಗೆ ಇರುವಷ್ಟು ರಂಧ್ರಗಳು ನೆರಳಿನ ಎಲೆಯಲ್ಲಿ ಇರುವುದಿಲ್ಲ. ಸಂಖ್ಯೆ ತೀರ್ಮಾನವಾಗುವುದು ಎಲೆ ಇನ್ನೂ ಚಿಗುರಾಗಿದ್ದಾಗ. ಆಮೇಲೆ ಕೋಶಗಳು ಹಿಗ್ಗುತ್ತವೆ, ರಂಧ್ರಗಳು ದೂರ ಸರಿಯುತ್ತವೆ. ಆದರೆ ಮಡಿಚಿಕೊಂಡ ಚಿಗುರಿಗೆ ಹೊರಗಿನ ಸುದ್ದಿ ಗೊತ್ತಾಗುವುದು ಹೇಗೆ? ಬಲಿತ ಎಲೆಗಳು ಹೇಳುತ್ತವೆ! ಬಲಿತ ಎಲೆಗಳಿಗೆ ಮಾತ್ರ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಕೊಟ್ಟರೂ ಹೊಸ ಎಲೆಗಳಲ್ಲಿ ರಂಧ್ರ ಕಡಿಮೆಯಾದದ್ದನ್ನು 2001ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಜ್ಞಾನಿಗಳು ತೋರಿಸಿದರು.

ಅದಕ್ಕೂ ಮೊದಲು, 1987ರಲ್ಲಿ, ಸಸ್ಯವಿಜ್ಞಾನಿ ಇಯಾನ್ ವುಡ್‌ವರ್ಡ್ ಹಳೆಯ ಒಣ ಎಲೆಗಳ ಸಂಗ್ರಹ ತೆಗೆದು ಎಣಿಸಿದ್ದರು. ಇನ್ನೂರು ವರ್ಷಗಳಲ್ಲಿ ಇಂಗ್ಲೆಂಡಿನ ಮರಗಳ ರಂಧ್ರ ಸಾಂದ್ರತೆ ಸುಮಾರು 40% ಇಳಿದಿತ್ತು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಷ್ಟೂ ಬಾಗಿಲು ಕಡಿಮೆ ಸಾಕು.

ನಮ್ಮ ಅಪ್ಪೆಮಿಡಿ ಮರಗಳಲ್ಲೂ ಎಣಿಸಬಹುದು. ದೋಟಿಗೆ ಸಿಕ್ಕ ಎಲೆ ಸುಮ್ನೆ ಕಿತ್ತು ತಂದರೆ ಪ್ರಯೋಜನವಿಲ್ಲ. ಯಾವ ಕೊಂಬೆ, ಬಿಸಿಲೋ ನೆರಳೋ ಅಂತ ಬರೆದಿಡಬೇಕು.